ಗೆರೆ ಒಡೆಯುವ ಹೊತ್ತು

ಇನ್ನೂ ಅಲುಗಿಲ್ಲ, ಅಥವಾ ಅಲುಗಿದೆಯೋ ಏನೋ, ಗುಳಿಯ ಅಂಚು ಬಿಟ್ಟು ಒಂದು ಕೂದಲೆಳೆಯಷ್ಟು ಮುಂದೆ ಬಂದ ಹಾಗಿದೆ ಆ ಕೆಂಪು, ಕಣ್ಣು ಮಿಟುಕಿಸಿದರೆ ಮತ್ತೆ ಇದ್ದಲ್ಲೇ ಇದೆ — ನೋಡುತ್ತ ಕೂತರೆ ಯಾವುದೂ ಮುಂದೆ ಹೋಗುವುದಿಲ್ಲ, ಒಲೆಯ ಮೇಲಿನ ಹಾಲೂ ಅಷ್ಟೇ, ನೋಡುವಷ್ಟು ಹೊತ್ತು ಸುಮ್ಮನಿದ್ದು ಅತ್ತ ತಿರುಗಿದ ಕೂಡಲೇ ಉಕ್ಕುತ್ತದೆ, ದುರ್ಗಾಂಬಿಕಾ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಗಲ್ಲವನ್ನು ಮೇಜಿನ ಕಲ್ಲಿಗೆ ಊರಿದಳು, ಕಲ್ಲು ತಣ್ಣಗಿತ್ತು. ಪ್ಲಾಸ್ಟಿಕ್ ಮುಚ್ಚಳದ ಒಳಗೆ ಆವಿ ಕೂತಿದೆ, ಒರೆಸಬೇಕು, ಒರೆಸಲು ಮುಚ್ಚಳ ತೆಗೆದರೆ ಕರೆಂಟ್ ನಿಲ್ಲುತ್ತದೆ, ಬೇಡ. ಅದರ ಕೆಳಗೆ ತೊಟ್ಟಿ, ತೊಟ್ಟಿಯಲ್ಲಿ ನೀರಿನಂಥ ಬಫರ್ ದ್ರಾವಣ, ಅದರೊಳಗೆ ಮುಳುಗಿ ಆರಿದ ಗಂಜಿಯ ಕೆನೆಯ ಹಾಗೆ ಹೆಪ್ಪುಗಟ್ಟಿದ ಜೆಲ್, ಜೆಲ್ಲಿನ ಒಂದು ತುದಿಗೆ ಬಾಚಣಿಗೆ ಊರಿ ಕಿತ್ತಂಥ ಪುಟ್ಟ ಗುಳಿಗಳು, ಗುಳಿಗಳಲ್ಲಿ ಒಬ್ಬೊಬ್ಬರ ರಕ್ತದಿಂದ ತೆಗೆದ ಒಂದೊಂದು ತೊಟ್ಟು ಕೆಂಪು. ಕಪ್ಪು ವೈರು ಹಿಂದೆ, ಕೆಂಪು ವೈರು ಮುಂದೆ, ಹಿಮೋಗ್ಲೋಬಿನ್ ಕೆಂಪು ವೈರಿನ ಕಡೆಗೆ ಓಡುತ್ತದೆ, ಓಡುವುದಲ್ಲ, ತೆವಳುತ್ತದೆ, ಯಾರದ್ದು ಹೇಗೆ ತೆವಳುತ್ತದೆ ಎನ್ನುವುದರ ಮೇಲೆ ಈ ಮಧ್ಯಾಹ್ನ ನಿಂತಿದೆ. ಹಿಂದೆ ಕಿಟಕಿಯ ಹತ್ತಿರ ಅಕ್ಕ ಮಾಲಾ ಕೂತಿದ್ದಾಳೆ, ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು — ಹೊಟ್ಟೆ ಇನ್ನೂ ಕಾಣಿಸುವಷ್ಟಿಲ್ಲ, ಆದರೂ ಎಳೆದುಕೊಳ್ಳುತ್ತಾಳೆ, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ. ಅಕ್ಕನ ಗಂಡ ತಿಪ್ಪೇರುದ್ರ, ಅಮ್ಮನ ತಮ್ಮ, ಅಕ್ಕತಂಗಿಯರಿಬ್ಬರಿಗೂ ಸೋದರಮಾವ, ಟೀ ಕುಡಿದು ಬರ್ತೀನಿ ಅಂತ ಕೆಳಗಿಳಿದವನು ಇನ್ನೂ ಬಂದಿಲ್ಲ, ಕೆಳಗೆ ಅಡಿಕೆ ಮಂಡಿಯ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿದೆ, ಬರ್ಲಿ, ಬರ್ಲಿ, ಬಲಕ್ಕೆ, ಸಾಕು. ಚನ್ನಗಿರಿಯ ಈ ಕಾಲೇಜಿನ ಮಹಡಿಯಲ್ಲಿ ಲ್ಯಾಬ್ ಇರುವುದೇ ಹಾಗೆ, ಒಳಗೆ ತೊಟ್ಟು ತೊಟ್ಟಾಗಿ ಅಳೆಯುವ ಕೆಲಸ, ಹೊರಗೆ ಮೂಟೆಗಟ್ಟಲೆ ತೂಗುವ ಕೆಲಸ.

ಪ್ರೋಟೀನ್ ಶುದ್ಧೀಕರಣ, ಎಂ.ಎಸ್ಸಿ. ಎರಡನೇ ವರ್ಷದ ಪ್ರಯೋಗಪಾಠ, ಇದನ್ನು ಕಲಿಯಲು ಶುರುಮಾಡಿದ ವಾರ ಜಗಳೂರಿನ ಮನೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕಿದ್ದ, ಚಿಕ್ಕಹನುಮಂತಪ್ಪನ ನಗು ಫೋನಿನಲ್ಲಿ ಕೆಮ್ಮಿನ ಹಾಗೆ ಕೇಳುತ್ತದೆ, ಅಲ್ಲವ್ವ, ನಮ್ಮಪ್ಪ ನಡೆದ ದಾರಿಗೆ ಜನ ನೀರು ಚಿಮುಕಿಸಿ ಶುದ್ಧಿ ಮಾಡ್ತಿದ್ರು, ಈಗ ನೀನು ಶುದ್ಧಿ ಮಾಡಾಕೆ ಕಲೀತಿದೀಯಾ, ಕಲಿ ಕಲಿ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿಕೊಂಡು ಹೀಗೆ ಹೇಳಿರುತ್ತಾನೆ, ಅಮ್ಮ ಒಳಗಿನಿಂದ ಅದೇನಂತೆ ಎಂದು ಕೇಳಿರುತ್ತಾಳೆ. ಚೈತ್ರಶ್ರೀ ಮೇಡಂ ಹೇಳುವ ಶುದ್ಧಿ ಬೇರೆ, ಅವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಇದು ಶುದ್ಧ ಅಂದರು, ಪಕ್ಕದಲ್ಲಿ ನಾಲ್ಕಾರು ಗೆರೆ ಎಳೆದು ಇದು ಕಲಬೆರಕೆ ಅಂದರು, ನಿಮ್ಮ ಕೆಲಸ ಇದನ್ನ ಅದು ಮಾಡೋದು, ಅಷ್ಟೇ. ಬೇರೆ ಪ್ರೋಟೀನ್‌ಗೆ ಬಣ್ಣ ಇಲ್ರಪ್ಪಾ, ಎಲ್ಲಿ ಹೋಯ್ತು ಎಲ್ಲಿ ಬಂತು ಕಣ್ಣಿಗೆ ಕಾಣಂಗಿಲ್ಲ, ಕಲಿಯೋರಿಗೆ ರಕ್ತಾನೇ ವಾಸಿ, ಕೆಂಪಗಿರ್ತದೆ, ತಪ್ಪು ಮಾಡಿದ್ರೆ ಅಲ್ಲೇ ಕಾಣ್ತದೆ — ಹೀಗೆ ಹೇಳಿ ಒಬ್ಬೊಬ್ಬರೂ ತಮ್ಮ ತಮ್ಮ ರಕ್ತವನ್ನೇ ಕೊಡಬೇಕೆಂದಾಗ ಉಬ್ರಾಣಿಯ ಕೆಂಚೇಶ್, ತರಗತಿಯಲ್ಲಿ ಎಲ್ಲರಿಗಿಂತ ದಪ್ಪ ತೋಳಿನವನು, ಸೂಜಿ ನೋಡಿ ಕುರ್ಚಿಯಿಂದ ಮೆಲ್ಲಗೆ ಕೆಳಗೆ ಜಾರಿದ್ದ, ಮುಖಕ್ಕೆ ನೀರು ಹಾಕಿ ಎಬ್ಬಿಸಿದರೆ ನಂಗೇನಾಗಿಲ್ಲ ಬಿಡ್ರಿ ಎಂದು ಎದ್ದು ಕೂತ. ಆಮೇಲೆ ತಿರುಗಿಸುವ ಯಂತ್ರ, ಕೊಳವೆಯ ತಳದಲ್ಲಿ ಕೂತ ಕೆಂಪು ಕಣಗಳು, ಮೇಲಿನ ಹಳದಿ ನೀರು ಚೆಲ್ಲು, ಉಪ್ಪುನೀರಲ್ಲಿ ತೊಳೆ, ಮತ್ತೆ ತಿರುಗಿಸು, ಮತ್ತೆ ತೊಳೆ, ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗುವ ತನಕ, ಕೊನೆಗೆ ಬರೀ ನೀರು ಹಾಕಿದರೆ ಕಣಗಳು ಉಬ್ಬಿ ಒಡೆಯುತ್ತವೆ, ಸಿಪ್ಪೆ ಒಂದು ಕಡೆ, ಒಳಗಿನ ಹಿಮೋಗ್ಲೋಬಿನ್ ಒಂದು ಕಡೆ, ದ್ರಾಕ್ಷಿರಸದಂಥ ಬಣ್ಣ, ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಅವಳಿಗೆ ತನ್ನದೆಂಬ ಭಾವನೆಯೇ ಬರಲಿಲ್ಲ, ತನ್ನ ಹೆಸರು ಬರೆದ ಚೀಟಿ ಅಂಟಿಸಿದ್ದು ಮಾತ್ರ ತಾನು. ಕರುಳಿನಂಥ ತೆಳ್ಳನೆಯ ಚೀಲದಲ್ಲಿ ತುಂಬಿ ಎರಡೂ ಕಡೆ ಗಂಟು ಹಾಕಿ ಫ್ರಿಜ್ಜಿನ ತಣ್ಣೀರಿನಲ್ಲಿ ಇಳಿಬಿಡಬೇಕು, ಸಣ್ಣ ಉಪ್ಪಿನ ಕಣಗಳೆಲ್ಲ ಹೊರಗೆ ಹೋಗುತ್ತವೆ, ದೊಡ್ಡದು ಒಳಗೆ ಉಳಿಯುತ್ತದೆ, ಗಂಟು ಬಿಗಿಯಾಗಿರಬೇಕು, ಅವಳ ಗಂಟು ಬಿಗಿಯಾಗಿತ್ತು, ಕೈ ಕೆಲಸದಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ.

ಅದಕ್ಕೇ ಅವತ್ತು ಅವಳಿಗೆ ಅಷ್ಟು ಅವಮಾನವಾಗಿತ್ತು. ಗಾಜಿನ ಕಾಲಂ, ಒಳಗೆ ಬಿಳಿ ಹಿಟ್ಟಿನಂಥ ಪದಾರ್ಥ ತುಂಬಿ ನಿಲ್ಲಿಸಿದ್ದು, ಮೇಲಿನಿಂದ ಹಿಮೋಗ್ಲೋಬಿನ್ ಸುರಿದು ಬಫರ್ ಬದಲಿಸುತ್ತ ಹೋದರೆ ಕೆಂಪು ಪಟ್ಟಿಯೊಂದು ಮೆಲ್ಲಗೆ ಕೆಳಗಿಳಿಯುತ್ತದೆ, ಕೆಂಚೇಶನದ್ದು ಇಳಿಯಿತು, ಉಳಿದವರದ್ದೂ ಇಳಿಯಿತು, ಒಂದೇ ಪಟ್ಟಿ, ಸೀರೆಯ ಅಂಚಿನ ಹಾಗೆ ನೇರ, ದುರ್ಗಾಂಬಿಕಾಳ ಕಾಲಮ್ಮಿನಲ್ಲಿ ಪಟ್ಟಿ ಅರ್ಧ ದಾರಿಯಲ್ಲಿ ನಿಂತು, ಹಿಗ್ಗಿ, ನಡುವೆ ಬಿಳಿ ಬಿಟ್ಟು, ಎರಡಾಯಿತು. ಏನಮ್ಮ ಇದು, ಎಂದರು ಮೇಡಂ, ಕಾಲಂ ಸರಿಯಾಗಿ ತುಂಬಿಲ್ಲ ನೀನು, ಗಾಳಿಗುಳ್ಳೆ ಸೇರೈತೆ, ಮತ್ತೆ ಮಾಡು. ಮತ್ತೆ ತುಂಬಿದಳು, ಒಂದು ಗುಳ್ಳೆಯೂ ಇಲ್ಲದಂತೆ ಗಾಜನ್ನು ಬೆರಳಿಂದ ತಟ್ಟಿ ತಟ್ಟಿ ತುಂಬಿದಳು, ಮತ್ತೆ ಎರಡು. ರಕ್ತ ಹಳೇದಾಗಿರಬೇಕು ಅಂದರು, ಹೊಸ ರಕ್ತ ಕೊಟ್ಟಳು, ಮತ್ತೆ ಎರಡು. ಪಕ್ಕದ ಮೇಜಿನವರು ನೋಡಿ ನೋಡದ ಹಾಗೆ ಮಾಡುತ್ತಿದ್ದರು, ಕೆಂಚೇಶ್ ಮಾತ್ರ ಹತ್ತಿರ ಬಂದು ನಂದು ಒಂದು ಸ್ವಲ್ಪ ಇಸ್ಕೊ, ನಿನ್ನ ಹೆಸರು ಬರ್ಕೊ, ಯಾರಿಗೆ ಗೊತ್ತಾಗ್ತೈತೆ ಎಂದು ಪಿಸುಗುಟ್ಟಿದ, ಒಳ್ಳೆಯ ಹುಡುಗ, ಅವಳಿಗೆ ಸಿಟ್ಟು ಬಂದಿತ್ತು. ಜೆಲ್ ಓಡಿಸಿದ ದಿನವೂ ಅದೇ, ಅವನ ಸಾಲಿನಲ್ಲಿ ಒಂದು ಗೆರೆ, ಅವಳ ಸಾಲಿನಲ್ಲಿ ಒಂದು ಅವನದರ ಸಮಕ್ಕೆ, ಇನ್ನೊಂದು ಹಿಂದೆ, ಕಾಲು ನೋವಿನವರು ಮೆರವಣಿಗೆಯಲ್ಲಿ ಹಿಂದೆ ಉಳಿದ ಹಾಗೆ. ಮೇಡಂ ಅವತ್ತು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಕೈಯಿಂದಾದ ತಪ್ಪಲ್ಲ ಕಣಮ್ಮ ಇದು, ನಿನ್ನ ರಕ್ತ ಇರೋದೇ ಹಿಂಗೆ ಅಂದರು, ಅಂದವರೇ ಬೆರಳ ತುದಿ ಚುಚ್ಚಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಉಸಿರುಗಾಳಿ ಹೀರಿಕೊಳ್ಳುವ ಪುಡಿಯನ್ನು ನೀರಲ್ಲಿ ಕದಡಿ ಒಂದು ತೊಟ್ಟು ಬಿಟ್ಟು, ಮೇಲೊಂದು ಗಾಜು ಮುಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು, ಸ್ವಲ್ಪ ಹೊತ್ತು ಬಿಟ್ಟು ನೋಡು. ನೋಡಿದಳು. ದುಂಡಗಿದ್ದ ಕಣಗಳು ಒಂದೊಂದಾಗಿ ಸೊರಗಿ, ಬಾಗಿ, ಎರಡೂ ತುದಿ ಚೂಪಾಗಿ — ಕುಡುಗೋಲು, ರಾಗಿ ಕೊಯ್ಯುವ ಕುಡುಗೋಲು, ಒಂದಲ್ಲ, ಕಣ್ಣು ಹಾಯಿಸಿದಲ್ಲೆಲ್ಲ.

ಭಯ ಬೀಳ್ಬೇಡ, ಎಂದರು ಮೇಡಂ, ಕುಡುಗೋಲು ಕಣ ಅಂತಾರೆ ಇದಕ್ಕೆ, ನೀನು ಗಟ್ಟಿಯಾಗಿದೀಯ, ಗಟ್ಟಿಯಾಗೇ ಇರ್ತೀಯ, ಎರಡು ಜೀನಿನಲ್ಲಿ ಒಂದು ಸರಿ ಇದ್ರೆ ಸಾಕು, ಮೈ ನಡೀತದೆ, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬರ್ತದೆ, ನಿಂಗೆ ಯಾರಿಂದಲೋ ಒಂದು ಹಿಂಗಿರೋದು ಬಂದೈತೆ. ಎರಡೂ ಕಡೆಯಿಂದ ಇದೇ ಬಂದ್ರೆ ಮಾತ್ರ ಕಷ್ಟ, ಎಂದು ನಿಲ್ಲಿಸಿದರು. ಕಷ್ಟ ಅಂದ್ರೆ ಏನ್ ಮೇಡಂ ಎಂದು ಕೇಳಿದ್ದು ಅವಳೇ, ಪರೀಕ್ಷೆಗೆ ಬರುವ ಪ್ರಶ್ನೆ ಕೇಳಿದ ಹಾಗೆ, ಪೆನ್ನು ಕೈಯಲ್ಲಿತ್ತು. ಮಗು ಬೆಳ್ಳಗೆ ಬಿಳುಚಿಕೊಳ್ತದೆ, ಕಣ್ಣು ಹಳದಿ ಆಗ್ತದೆ, ಸಣ್ಣದಿದ್ದಾಗ ಕೈಬೆರಳು ಕಾಲ್ಬೆರಳು ಊದ್ತವೆ, ಆಗಾಗ ಮೂಳೆ ಮೂಳೆ ನೋವು ಅಂತ ಅಳ್ತದೆ, ಜ್ವರ ಬಂದ್ರೆ, ನೀರಡಿಕೆ ಆದ್ರೆ, ಥಂಡಿ ಆದ್ರೆ ಜೋರಾಗ್ತದೆ — ಪೆನ್ನು ಬರೆಯುವುದನ್ನು ಎಲ್ಲಿ ನಿಲ್ಲಿಸಿತೋ ಗೊತ್ತಿಲ್ಲ, ಊದ್ತವೆ ಎಂಬಲ್ಲಿ ಇರಬೇಕು, ರಕ್ಷಾಳ ಬೆರಳುಗಳು, ಅಕ್ಕನ ಮಗಳು ರಕ್ಷಾ, ತೊಟ್ಟಿಲಲ್ಲಿದ್ದಾಗ ಅವಳ ಬೆರಳುಗಳು ಎಷ್ಟು ದುಂಡಗಿದ್ದವು, ಹೆಸರುಬೇಳೆ ವಡೆ ಹಂಗವೆ ನೋಡ್ರೇ ಎಂದು ಎಲ್ಲರೂ ಹಿಡಿದು ಹಿಡಿದು ಮುದ್ದು ಮಾಡುತ್ತಿದ್ದರು, ಅವಳು ಚೀರುತ್ತಿದ್ದಳು, ಹಟಮಾರಿ ಎನ್ನುತ್ತಿದ್ದರು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಯಾರೋ ಸೊಪ್ಪಿನ ರಸ ಬಿಟ್ಟರು, ಕಡಿಮೆಯಾಯಿತು, ಮತ್ತೆ ಬಂತು, ಮತ್ತೆ ಬಿಟ್ಟರು. ನಾಲ್ಕು ತುಂಬಿತ್ತು ಅವಳಿಗೆ, ಹೋದ ಚಳಿಗಾಲದಲ್ಲಿ ಅಕ್ಕ ನ್ಯಾಮತಿಯ ನಾಲೆಗೆ ಬಟ್ಟೆ ಒಗೆಯಲು ಹೋದಾಗ ಜೊತೆಗೆ ಹೋಗಿದ್ದಳು, ಬೆಳಗಿನ ನಾಲೆಯ ನೀರು, ಕಾಲಿಟ್ಟರೆ ಜುಮ್ಮೆನ್ನುವ ನೀರು, ಅದರಲ್ಲಿ ಕುತ್ತಿಗೆವರೆಗೆ ಕೂತು ಆಡಿದಳು, ಏಳು ಎಂದರೆ ಏಳಲಿಲ್ಲ, ಅಕ್ಕ ಒಂದು ಪೆಟ್ಟು ಕೊಟ್ಟು ಎಬ್ಬಿಸಿದಳು. ಸಂಜೆಗೆ ಕಾಲು ನೋವು ಎಂದಳು. ಜ್ವರ ಬಂತು, ಇಂಜೆಕ್ಷನ್ ಆಯಿತು, ಮಾರನೇ ದಿನ ಎದೆ ಹಿಡಿದುಕೊಂಡಿತು, ಶಿವಮೊಗ್ಗಕ್ಕೆ ಹೋಗುವ ಕಾರಿನಲ್ಲಿ ಅವ್ವಾ ನೀರು ಎಂದಳಂತೆ, ಅದೇ ಕೊನೆ. ಗಾದ್ರಮ್ಮಜ್ಜಿ, ಅಮ್ಮನ ತಾಯಿ, ಅಕ್ಕನಿಗೆ ಅತ್ತೆಯೂ ಹೌದು, ಅಂಗಳದಲ್ಲಿ ಕೂತು ಊರೆಲ್ಲ ಕೇಳುವ ಹಾಗೆ ಕೂಗಿದಳು, ತಣ್ಣೀರಾಗೆ ಅದ್ದಿ ಕೊಂದ್ಳು ನನ್ ಮೊಮ್ಮಗಳನ್ನ, ತಾಯಲ್ಲ ಇವಳು. ಅಪ್ಪ ಒಂದು ಮೂಲೆಯಲ್ಲಿ ನಿಂತು ಬುದ್ಧಂ ಸರಣಂ ಎಂದು ತನಗೆ ಮಾತ್ರ ಕೇಳುವಷ್ಟು ಹೇಳಿಕೊಳ್ಳುತ್ತಿದ್ದ, ಅಕ್ಕ ಅಳುತ್ತಿರಲಿಲ್ಲ, ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಂದಿನಿಂದ ಅವಳು ಸೀಗೆ ಹಚ್ಚಿಕೊಳ್ಳುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ನೀರನ್ನು ಕಾಯಿಸಿಯೇ ಮುಟ್ಟುತ್ತಾಳೆ, ಬೇಸಿಗೆಯಲ್ಲೂ.

ಕೆಂಪು ಈಗ ನಿಜಕ್ಕೂ ಗುಳಿ ಬಿಟ್ಟಿದೆ. ಒಂದು ಅಕ್ಕಿಕಾಳಿನಷ್ಟು. ಇನ್ನೂ ಒಂದೊಂದೇ ಗೆರೆ, ಎಲ್ಲರದ್ದೂ ಒಂದೇ ಥರ, ಇಷ್ಟರಲ್ಲಿ ಏನೂ ಹೇಳಲಾಗದು, ಮೊದಲು ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಅಂಬೀ, ಅಂದಳು ಅಕ್ಕ ಹಿಂದಿನಿಂದ, ಇನ್ನೂ ಎಷ್ಟೊತ್ತಾಗ್ತೈತೆ. ಆಗ್ತೈತೆ ಕಣಕ್ಕ, ಕುಡಿಯಾಕೆ ಬಿಸಿನೀರು ತರ್ಲಾ. ಬೇಡ. ಅಕ್ಕನಿಗೆ ಮತ್ತೆ ತಿಂಗಳು ನಿಂತಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದ ದಿನವೇ ದುರ್ಗಾಂಬಿಕಾ ಮೇಡಂ ಮುಂದೆ ಹೋಗಿ ನಿಂತದ್ದು, ಅವರು ಎಲ್ಲ ಕೇಳಿಕೊಂಡು, ಇಲ್ಲಿ ಕಲಿಸೋದಷ್ಟೇ ಅಮ್ಮ, ಕಾಯಿಲೆ ಹೇಳೋ ಲ್ಯಾಬಲ್ಲ ಇದು, ಇಲ್ಲಿಂದ ರಿಪೋರ್ಟ್ ಕೊಡಂಗಿಲ್ಲ, ಗಂಡ ಹೆಂಡ್ತಿ ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕಳಿಸು, ಈಗ್ಲೇ ಹೋದ್ರೆ ಹೊಟ್ಟೆಯಲ್ಲಿರೋ ಕೂಸಿಂದೂ ತಿಳ್ಕೋಬಹುದು, ತಡ ಮಾಡಿದ್ರೆ ಆಗಲ್ಲ ಎಂದರು. ನ್ಯಾಮತಿಯ ಅಕ್ಕನ ಮನೆಗೆ ಹೋಗಲು ಬಸ್ಸು ಹೊನ್ನಾಳಿಯಲ್ಲಿ ಬದಲಾಯಿಸಬೇಕು, ಅವತ್ತು ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಿತ್ತು, ಕೆಳಗೆ ತುಂಗಭದ್ರೆ, ಕಂಡಕ್ಟರ್ ಇಳೀರಿ ಇಳೀರಿ ನಡ್ಕೊಂಡೇ ಹೋಗ್ರಿ ಎನ್ನುತ್ತಿದ್ದ, ಅವಳು ನಡೆದಳು, ನಡೆಯುತ್ತ ಮಾತು ಜೋಡಿಸಿಕೊಂಡಳು, ಮಾವಾ, ನಮ್ಮ ಮನೆತನದ ರಕ್ತದಾಗೆ ಒಂದು ಐತೆ — ಅಲ್ಲ, ಮಾವಾ, ನಾನೊಂದು ಪ್ರಯೋಗ ಮಾಡ್ತಾ ಇದ್ದೆ — ಅದೂ ಅಲ್ಲ. ನ್ಯಾಮತಿಯ ಆ ಮನೆಯ ಕಟ್ಟೆಯ ಮೇಲೆ ಕೂತು ಹೇಳುವಾಗ ಜೋಡಿಸಿದ ಒಂದು ಮಾತೂ ಬಾಯಿಗೆ ಬರಲಿಲ್ಲ, ಬೋರ್ಡಿನ ಮೇಲೆ ಮೇಡಂ ಬರೆದ ಹಾಗೆ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು, ಇದು ನಂದು, ಎರಡು. ಗಾದ್ರಮ್ಮಜ್ಜಿ ಎಲೆಯಡಿಕೆ ಉಗುಳಿ ಬಂದು ಕಾಲಿಂದ ಆ ಗೆರೆ ಅಳಿಸಿದಳು, ಏನೇ ಹೇಳಾಕೆ ಬಂದೀಯ, ನಮ್ಮ ರಕ್ತ ಕೆಟ್ಟೈತೆ ಅಂತಾ, ಊರಿನೋರು ಹೇಳಿದ್ದು ಸಾಲಲ್ಲ ಅಂತ ಮನೆ ಮಗಳು ಕಾಲೇಜು ಕಲಿತು ಬಂದು ಹೇಳ್ಬೇಕಾ. ಅಜ್ಜಿ ಏನು ಕೇಳಿಸಿಕೊಂಡು ಬೆಳೆದವಳೋ ಅದರ ಮುಂದೆ ಹಿಮೋಗ್ಲೋಬಿನ್ ಎಂಬ ಪದ ಬಹಳ ಚಿಕ್ಕದು. ಕೆಟ್ಟಿಲ್ಲ ಅಜ್ಜಿ, ಎಂದಳು, ಬೇರೆ ಐತೆ ಅಷ್ಟೇ, ನನ್ನಾಗೂ ಐತೆ. ಅಜ್ಜಿ ಒಳಗೆ ಹೋದಳು. ಮಾವ ಬೀಡಿಯನ್ನು ಹಚ್ಚದೆ ಬೆರಳಲ್ಲಿ ತಿರುಗಿಸುತ್ತ ಕೂತಿದ್ದ, ಮಾವ ಕಡಿಮೆ ಮಾತಿನವನು, ಭತ್ತದ ಗಿರಣಿಯ ಸದ್ದಿನಲ್ಲಿ ಕೆಲಸ ಮಾಡಿ ಮಾಡಿ ಮಾತು ಬಿಟ್ಟವನು, ಆಸ್ಪತ್ರೆಗೆ ಹೋಗಾಕೆ ಅವ್ವ ಬಿಡಲ್ಲ ಕಣವ್ವ, ಎಂದ ಕೊನೆಗೆ, ಕಾಗದದಾಗೆ ಬರ್ಕೊಟ್ರೆ ನಂಗೂ ತಿಳಿಯಲ್ಲ, ನಿನ್ನ ಕಾಲೇಜ್ನಾಗೆ ನೀನೇ ಮಾಡು, ನನ್ನ ಕಣ್ಣಾಗೆ ಕಂಡ್ರೆ ಆಮೇಲೆ ಎಲ್ಲಿಗೆ ಅಂತೀಯೋ ಅಲ್ಲಿಗೆ ಬರ್ತೀನಿ. ಅಂದವನೇ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ, ಈಗಲೇ ತೆಗೆದುಕೋ ಎನ್ನುವ ಹಾಗೆ, ಅವಳ ಬಳಿ ಸೂಜಿಯಿರಲಿಲ್ಲ, ಇಲ್ಲ ಮಾವ, ಅಲ್ಲಿಗೇ ಬರ್ಬೇಕು ಎಂದರೂ ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ತವುಡು ಮೆತ್ತಿದ ಕೈ, ಮೊಳಕೈಯ ಒಳಗೆ ನೀಲಿ ನರ ಉಬ್ಬಿತ್ತು. ಇದನ್ನು ಕೇಳಿದ ಮೇಲೆಯೇ ಮೇಡಂ, ಕಣ್ಣಿಗೆ ತೋರಿಸೋಕಷ್ಟೇ, ರಿಪೋರ್ಟಲ್ಲ ಎಂದು ಒಪ್ಪಿದ್ದು.

ಟಪ್ ಎಂದಿತು, ಫ್ಯಾನು ನಿಧಾನವಾಯಿತು, ತೊಟ್ಟಿಯ ತಂತಿಯಿಂದ ಏಳುತ್ತಿದ್ದ ಸಣ್ಣ ಗುಳ್ಳೆಗಳು ನಿಂತವು. ಕರೆಂಟ್ ಹೋಯ್ತಾ, ಎಂದರು ಪಕ್ಕದ ಕೋಣೆಯಿಂದ ಮೇಡಂ, ಯುಪಿಎಸ್ಸೂ ಕೈಕೊಟ್ಟೈತೆ, ಕಾಯೋಣ ಇರು. ಕಾಯಬಾರದು, ಕಾದಷ್ಟೂ ಗೆರೆ ಅಲ್ಲಲ್ಲೇ ಹರಡುತ್ತದೆ, ಶಾಯಿ ಬಿದ್ದ ಬಟ್ಟೆಯ ಹಾಗೆ, ಎರಡಿದ್ದದ್ದು ಕಲಸಿ ಒಂದಾಗಿ ಕಾಣಬಹುದು, ಒಂದಾಗಿ ಕಂಡರೆ ಮಾವ ನೋಡಿ ಒಂದೇ ಐತಲ್ಲವ್ವ ಎಂದು ಸಮಾಧಾನದಿಂದ ಎದ್ದು ಹೋಗಬಹುದು, ಅಕ್ಕನೂ ಹೋಗಬಹುದು, ಯಾರೂ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಬೇಕಾಗಿಲ್ಲ — ಅವಳಿಗೆ ಒಂದು ಕ್ಷಣ ಕರೆಂಟ್ ಬರುವುದೇ ಬೇಡ ಅನ್ನಿಸಿತು, ಅನ್ನಿಸಿದ್ದನ್ನು ಗಮನಿಸಿದಳು, ಬೇರೆಯವರ ತಪ್ಪನ್ನು ಗಮನಿಸಿದ ಹಾಗೆ. ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. ಬೆಳಿಗ್ಗೆ ಊರ ಆಸ್ಪತ್ರೆಯ ನರ್ಸ್ ಬಂದು ರಕ್ತ ತೆಗೆದ ಕಡೆ ಹತ್ತಿ ಅಂಟಿಸಿದ್ದು ಇನ್ನೂ ಇತ್ತು. ಇದ್ರಾಗೆ ನಂದು ಯಾವ್ದೇ. ಅದು, ಮೂರನೇದು. ಇಷ್ಟೇನಾ. ಇಷ್ಟೇ. ಅಕ್ಕ ಬಗ್ಗಿ ನೋಡಿದಳು, ಬೆಲ್ಲದ ಅಚ್ಚು ಬೇರೆಯಾಯಿತೇ ಎಂದು ನೋಡುವಾಗ ಅವಳು ಬಗ್ಗುವುದು ಹಾಗೇ. ಅಲ್ಲ ಕಣೇ, ಒಂದು ಕೇಳ್ತೀನಿ, ಹೇಳ್ಬೇಕು ನೀನು, ಅವತ್ತು ನಾನು ಅವಳನ್ನ ನೀರಿನಿಂದ ಬೇಗ ಎಬ್ಬಿಸಿದ್ರೆ ಉಳೀತಿದ್ಲಾ. ಲಾರಿಯವರು ಕೆಳಗೆ ಏನಕ್ಕೋ ನಕ್ಕರು. ಇರು ಅಕ್ಕ, ಎಂದಳು ದುರ್ಗಾಂಬಿಕಾ, ಇನ್ನೂ ಓಡ್ಬೇಕು ಇದು. ಫ್ಯಾನು ಮತ್ತೆ ತಿರುಗಿತು, ಗುಳ್ಳೆಗಳು ಎದ್ದವು, ಸಾಸಿವೆಯಷ್ಟು ಸಣ್ಣವು, ಒಂದರ ಹಿಂದೆ ಒಂದು.

ಈಗ ಒಡೆಯುತ್ತಿದೆ. ಮೊದಲ ಗುಳಿಯದ್ದು ಕೆಂಚೇಶನದ್ದು, ಹೋಲಿಸಿ ನೋಡಲು ಹಾಕಿದ್ದು, ಅವನೇ ಕಣ್ಣು ಮುಚ್ಚಿಕೊಂಡು ಕೊಟ್ಟದ್ದು, ಅದು ಒಂದೇ ಗೆರೆಯಾಗಿ ಮುಂದೆ ಸಾಗಿದೆ, ತೊಂದರೆಯಿಲ್ಲದವನು. ಎರಡನೆಯದು ಅವಳದ್ದು, ಅಂಚು ದಪ್ಪಗಾಗಿ, ಸೊಂಟ ಸಣ್ಣಗಾಗಿ, ಬಿಟ್ಟಿತು, ಎರಡು, ಇದು ಅವಳಿಗೆ ಹಳೆಯ ಸಂಗತಿ. ಮೂರನೆಯದನ್ನು ನೋಡಲು ಕಣ್ಣು ಎತ್ತುವ ಮೊದಲೇ ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಮಾವ ಬಂದ, ಕೈಯಲ್ಲಿ ಅಕ್ಕನಿಗೆಂದು ಪೊಟ್ಟಣ ಕಟ್ಟಿಸಿದ ಮಂಡಕ್ಕಿ, ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದ, ಇಲ್ಲಿ ಬಿಡಂಗಿಲ್ರಿ, ಹಾಕ್ಕೊಂಡೇ ಬರ್ರಿ, ಗಾಜಿನ ಚೂರು ಇರ್ತಾವೆ ಎಂದು ಮೇಡಂ ಒಳಗೆ ಕರೆದರು. ಮೂರನೆಯದು ಎರಡು. ಐದನೆಯದು, ಮಾವನದ್ದು, ಎರಡು. ಹಿಂದಿನ ಗೆರೆ ಅವಳದ್ದಕ್ಕೆ, ಅಕ್ಕನದ್ದಕ್ಕೆ, ಮಾವನದ್ದಕ್ಕೆ ಒಂದೇ ಸಮಕ್ಕೆ, ಸ್ಕೇಲು ಇಟ್ಟು ಎಳೆದ ಹಾಗೆ, ಒಂದೇ ಮನೆಯಿಂದ ಹೊರಟು ಬಂದವರು, ಅಜ್ಜಿಯಿಂದಲೋ, ಅಜ್ಜನಿಂದಲೋ, ಅದಕ್ಕೂ ಹಿಂದಿನ ಯಾರಿಂದಲೋ, ಯಾರ ತಪ್ಪೂ ಅಲ್ಲದೆ ಒಬ್ಬರ ಮೈಯಿಂದ ಒಬ್ಬರ ಮೈಗೆ ಹಬ್ಬದ ಪಾತ್ರೆಯ ಹಾಗೆ ದಾಟಿ ಬಂದದ್ದು. ಮುಚ್ಚಳ ತೆಗೆದು ಜೆಲ್ಲನ್ನು ಗಾಜಿನ ಮೇಲೆ ಜಾರಿಸಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟರು. ಮಾವ ಬಹಳ ಹೊತ್ತು ನೋಡಿದ. ಇದೇನಾ ನಂದು, ಎಂದ. ಹೌದು ಮಾವ. ಎರಡೈತೆ. ಹೌದು. ಇವಳದ್ದೂ ಎರಡೈತೆ. ಹೌದು. ಮೇಡಂ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯವನ್ನು ಹೇಳಿದರು, ಇಬ್ಬರಿಗೂ ಹಿಂಗಿದ್ದಾಗ ಹುಟ್ಟೋ ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರೋ ಸಾಧ್ಯತೆ, ಬರಲೇಬೇಕು ಅಂತಿಲ್ಲ, ಬಂದ್ರೂ ಮೊದಲೇ ಗೊತ್ತಿದ್ರೆ ಔಷಧಿ ಐತೆ, ಉಳಿಸ್ಕೋಬಹುದು, ಗೊತ್ತಿಲ್ದೇ ಇದ್ರೇ ಕಷ್ಟ, ನೀವು ಸೋಮವಾರವೇ ಹೋಗ್ರಿ, ನಾನು ಡಾಕ್ಟ್ರಿಗೆ ಫೋನ್ ಮಾಡಿರ್ತೀನಿ. ಹೋಗ್ತೀವ್ರಿ, ಎಂದ ಮಾವ. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ನಿಂತ, ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿಯ ಬೆನ್ನಿನಲ್ಲಿ ತವುಡಿನ ಧೂಳು, ಬೆನ್ನು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು, ಆಮೇಲೆ ತಿರುಗದೆಯೇ, ಅವ್ವಗೆ ನಾನು ಹೇಳ್ತೀನಿ ಮಾಲಾ, ಮನೆಗೆ ಹೋದ್ಮೇಲೆ ನೀನು ಒಳಗಿರು, ನಾನು ಹೇಳ್ತೀನಿ.

ಅಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಬೆಳಕಿನ ಪೆಟ್ಟಿಗೆಯ ಬಿಳುಪು ಅವಳ ಗಲ್ಲಕ್ಕೆ ಕೆಳಗಿನಿಂದ ಬಿದ್ದಿತ್ತು. ಹಂಗಾರೆ ತಣ್ಣೀರಲ್ವೇನೇ ಅಂಬೀ. ದುರ್ಗಾಂಬಿಕಾಳಿಗೆ ಗೊತ್ತು, ಪುಸ್ತಕದಲ್ಲಿ ಅಡಿಗೆರೆ ಹಾಕಿಕೊಂಡು ಓದಿದ ಪುಟ ಗೊತ್ತು, ಥಂಡಿ ತಗುಲಿದರೆ ರಕ್ತನಾಳ ಕಿರಿದಾಗುತ್ತದೆ, ಬಾಗಿದ ಕಣಗಳು ಸಿಕ್ಕಿಕೊಳ್ಳುತ್ತವೆ, ನೋವು ಅಲ್ಲಿಂದ ಶುರುವಾಗಬಹುದು, ಆಗಬಹುದು, ಆಗದೆಯೂ ಇರಬಹುದು, ನಾಲೆಯಿಲ್ಲದಿದ್ದರೆ ಇನ್ನೊಂದು ದಿನ ಇನ್ನೊಂದು ಕಾರಣಕ್ಕೆ ಆಗಬಹುದಿತ್ತು, ಇದನ್ನೆಲ್ಲ ಒಂದು ವಾಕ್ಯದಲ್ಲಿ ಹೇಗೆ ಹೇಳುವುದು, ಬಫರಿನಲ್ಲಿ ತೊಳೆದು ತೊಳೆದು ತಿಳಿಯಾಗಿಸಿದ ಹಾಗೆ ಮಾತನ್ನು ತೊಳೆದರೆ ಕೊನೆಗೆ ತಳದಲ್ಲಿ ಏನು ಉಳಿಯುತ್ತದೆ — ನೀರಲ್ಲ ಅಕ್ಕ, ಎಂದಳು. ಮೇಡಂ ತಲೆ ಎತ್ತಿ ಅವಳನ್ನು ನೋಡಿದರು, ನೋಡಿ, ವೈರುಗಳನ್ನು ಸುತ್ತತೊಡಗಿದರು. ನೀರಲ್ಲ, ಎಂದಳು ಅಕ್ಕ ತನಗೆ ತಾನೇ, ನೀರಲ್ಲ, ಮತ್ತೊಮ್ಮೆ ಎಂದಳು, ಬೇರೆ ಯಾರದೋ ಹೆಸರು ಹೇಳಿಕೊಳ್ಳುತ್ತಿರುವ ಹಾಗಿತ್ತು, ನಂತರ ಬೆರಳು ಚಾಚಿ ಗಾಜಿನ ಮೇಲೆ, ತನ್ನದಕ್ಕೂ ಗಂಡನದ್ದಕ್ಕೂ ನಡುವೆ, ಮುಟ್ಟಿಯೂ ಮುಟ್ಟದಂತೆ ಇಟ್ಟು, ಇಲ್ಯಾಕೆ ಖಾಲಿ ಬಿಟ್ಟೀಯ, ಎಂದು ಕೇಳಿದಳು. ನಿಮ್ಮಿಬ್ರದ್ದು ಒಬ್ಬರದ್ರಾಗೆ ಒಬ್ಬರದ್ದು ಹರೀಬಾರ್ದು ಅಂತ, ಅಲ್ಲೊಂದು ಗುಳಿ ಬಿಟ್ಟೀನಿ. ಓ, ಎಂದಳು ಅಕ್ಕ, ಬೆರಳು ತೆಗೆಯಲಿಲ್ಲ. ಎಡಕ್ಕೆ ತಾಯಿಯದ್ದು, ಬಲಕ್ಕೆ ತಂದೆಯ ಗೆರೆಗಳು, ಮಧ್ಯದ ಸಾಲಿನಲ್ಲಿ ಏನೂ ಇಲ್ಲ, ಬೆಳಕು ನೇರವಾಗಿ ಮೇಲೆ ಬರುತ್ತಿದೆ, ದುರ್ಗಾಂಬಿಕಾ ಬೇಡವೆಂದರೂ ಅವಳ ಕಣ್ಣು ಅಲ್ಲಿ ರಕ್ಷಾಳ ಒಂದು ತೊಟ್ಟು ಕೆಂಪು ಬಿಡುತ್ತದೆ, ಅದು ಗುಳಿಯಿಂದ ಹೊರಡುತ್ತದೆ, ತೆವಳುತ್ತದೆ, ಮುಂದಿನ ಗೆರೆ ಬರುವಲ್ಲಿಗೆ ಏನೂ ಬರುವುದಿಲ್ಲ, ಹಿಂದಿನದ್ದು ಇರುವಲ್ಲಿ ಮಾತ್ರ, ಅವ್ವನ ಹಿಂದಿನ ಗೆರೆಯ ಸಮಕ್ಕೆ, ಅಪ್ಪನ ಹಿಂದಿನ ಗೆರೆಯ ಸಮಕ್ಕೆ, ಒಡೆಯುವುದಿಲ್ಲ, ಎರಡಾಗುವುದಿಲ್ಲ, ಮಸುಕಿಲ್ಲ, ಕಲಬೆರಕೆಯಿಲ್ಲ, ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಕೆಂಪಾಗಿ, ಒಂದೇ — ಅಕ್ಕನ ಬೆರಳಿನ ಕೆಳಗೆ, ಒಂದೇ ಗೆರೆ.